ಬಿಡಿಎಸ್ ಆದವಳು ಅಮೆರಿಕಾದಲ್ಲಿ ಡೆಂಟಲ್ ಹೈಜೀನ್ ಓದಬಹುದಾ? ಬ್ಯಾಚುಲರ್ ಡಿಗ್ರಿನೇ ಬೇಕಾ?

ಬೆಣ್ಣೆದೋಸೆ_ನೋವೈ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು. 2016ರಲ್ಲಿ ಬಿಡಿಎಸ್ ಮುಗೀತು. ಹರಿಹರದಲ್ಲಿ ಒಬ್ಬರ ಕ್ಲಿನಿಕ್‌ನಲ್ಲಿ ಎರಡು ವರ್ಷ ಕೆಲಸ ಮಾಡಿದೆ. ಆಮೇಲೆ ಮದುವೆ, ಮಿಚಿಗನ್, ಮಗಳು. ಈಗ ಅವಳಿಗೆ ನಾಲ್ಕು ವರ್ಷ. ನಾನಿನ್ನೂ ಎಚ್4 ವೀಸಾದಲ್ಲೇ (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು) ಇದ್ದೇನೆ. ನಮ್ಮನೆಯವರ ಐ-140 (ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರು ಆಗಿರೋದರಿಂದ ಕೆಲಸದ ಪರವಾನಗಿ ಕೈಯಲ್ಲಿದೆ. ಕೆಲಸ ಮಾತ್ರ ಇಲ್ಲ.

ಇಲ್ಲಿ ಮತ್ತೆ ಡೆಂಟಿಸ್ಟ್ ಆಗೋಕೆ ಬೇಕಾದ ದುಡ್ಡು ನಮ್ಮ ಹತ್ತಿರ ಇಲ್ಲ. ಹೈಜೀನಿಸ್ಟ್ (ಡೆಂಟಿಸ್ಟ್ ಜೊತೆ ಕೆಲಸ ಮಾಡುತ್ತಾ ಹಲ್ಲು ಕ್ಲೀನ್ ಮಾಡುವವರು) ಆಗೋಣ ಅಂತ ಯೋಚನೆ ಬಂದಿದೆ. ಆನ್ ಆರ್ಬರ್‌ನ ಮಿಚಿಗನ್ ವಿಶ್ವವಿದ್ಯಾಲಯದಲ್ಲಿ ಬ್ಯಾಚುಲರ್ ಡಿಗ್ರಿ ಇದೆ. ಮನೆಯಿಂದ ದಿನಾ ಓಡಾಡಬಹುದು. ಕಮ್ಯುನಿಟಿ ಕಾಲೇಜಿನಲ್ಲಿ ಇದೇ ವಿಷಯದ ಅಸೋಸಿಯೇಟ್ ಡಿಗ್ರಿ (ಬ್ಯಾಚುಲರ್‌ಗಿಂತ ಚಿಕ್ಕದು) ಇದೆ, ಫೀಸು ತುಂಬಾ ಕಡಿಮೆ. ಯಾವುದಕ್ಕೆ ಹಾಕಲಿ? ಬಿಡಿಎಸ್ ಓದಿದ್ದಕ್ಕೆ ಏನಾದರೂ ವಿನಾಯಿತಿ ಸಿಗುತ್ತದಾ? ಎಲ್ಲಾ ಗೊತ್ತಿರೋ ವಿಷಯವೇ ಅಲ್ವಾ, ಸುಲಭವಾಗಿ ಆಗಿಬಿಡುತ್ತದಾ?

ಇನ್ನೊಂದು ವಿಷಯ. ನಮ್ಮ ಅತ್ತೆ ಫೋನಿನಲ್ಲಿ, "ಡಾಕ್ಟ್ರು ಅಂತ ಬೋರ್ಡ್ ಹಾಕ್ಕೊಂಡವಳು ಈಗ ಹಲ್ಲು ತಿಕ್ಕೋಕೆ ಹೋಗ್ತೀಯಾ?" ಅಂದರು. ಅವರ ಮೇಲೆ ಸಿಟ್ಟಿಲ್ಲ. ಆದರೆ ಅವತ್ತಿನಿಂದ ಅದೇ ತಲೆಯಲ್ಲಿ ಕೊರೀತಾ ಇದೆ.


ಹುಬ್ಬಳ್ಳಿ_ಹಲ್ಲು ಉತ್ತರಿಸಿದ್ದು:

ನೋಡ್ರಿ ಮೇಡಂ, ನನ್ನ ಕೇಳಿದ್ರ ಹೈಜೀನ್ ಬ್ಯಾಡ್ರಿ. ಐಎನ್‌ಬಿಡಿಇ, ಅಂದ್ರ ಇಲ್ಲಿನ ಡೆಂಟಿಸ್ಟ್‌ಗಳ ರಾಷ್ಟ್ರೀಯ ಬೋರ್ಡ್ ಪರೀಕ್ಷೆ ಬರೀರಿ. ಆಮೇಲೆ ವಿದೇಶದ ಡೆಂಟಿಸ್ಟ್‌ಗಳಿಗೆ ಅಂತ ಇರೋ ಅಡ್ವಾನ್ಸ್ಡ್ ಸ್ಟ್ಯಾಂಡಿಂಗ್ ಕೋರ್ಸಿಗೆ ಅರ್ಜಿ ಹಾಕ್ರಿ. ಎರಡರಿಂದ ಮೂರು ವರ್ಷದಾಗ ಮತ್ತ ಡಾಕ್ಟರ್ ಆಗ್ತೀರಿ. ನಾನೂ ಹಂಗ ಮಾಡೀನಿ. ಖರ್ಚು ಲಕ್ಷ ಡಾಲರ್ ಮ್ಯಾಲ ಹೋಗ್ತದ, ಅದು ಖರೆ. ನನ್ನ ಸಾಲ ಇನ್ನೂ ತೀರಿಲ್ಲ. ಆದ್ರ ಐದು ವರ್ಷ ಓದಿದ್ದನ್ನ ಹಂಗ ಬಿಟ್ಟು ಕೊಡಬ್ಯಾಡ್ರಿ.


ಕುಂದಾಪ್ರದ_ಅಕ್ಕ ಉತ್ತರಿಸಿದ್ದು:

ನಾನು ಮಂಗಳೂರಿನಲ್ಲಿ ಬಿಡಿಎಸ್ ಮುಗಿಸಿದ್ದು 2006ರಲ್ಲಿ. ಕುಂದಾಪುರದಲ್ಲಿ ಮೂರು ವರ್ಷ ಪ್ರಾಕ್ಟೀಸ್ ಮಾಡಿದೆ. ಈಗ ಒಹಾಯೊದ ಕೊಲಂಬಸ್ ಹತ್ತಿರ ಹೈಜೀನಿಸ್ಟ್. ನಿಮ್ಮ ಪ್ರಶ್ನೆ ಓದಿ ಸಾರಿನ ಒಲೆ ಆರಿಸಿ ಬಂದು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ಹುಬ್ಬಳ್ಳಿಯವರು ಹೇಳಿದ್ದು ತಪ್ಪಲ್ಲ. ದುಡ್ಡು ಹೊಂದಿಸೋಕೆ ಆಗುವವರಿಗೆ ಅದು ಸರಿಯಾದ ದಾರಿ. ಆದರೆ ನೀವು ಕೇಳಿದ್ದು ಅದಲ್ಲವಲ್ಲ.

ಮೊದಲು ಡಿಗ್ರಿ ವಿಷಯ. ಲೈಸೆನ್ಸ್ ಕೊಡುವವರು ಸಾಮಾನ್ಯವಾಗಿ ನೋಡೋದು ಮೂರು ಸಂಗತಿ. ನೀವು ಓದಿದ ಕೋರ್ಸಿಗೆ ಕೋಡಾ (ಇಲ್ಲಿನ ಡೆಂಟಲ್ ಕೋರ್ಸ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಮಾನ್ಯತೆ ಇದೆಯಾ, ರಾಷ್ಟ್ರೀಯ ಬೋರ್ಡ್ ಪರೀಕ್ಷೆ ಪಾಸಾಗಿದೆಯಾ, ಕೈಕೆಲಸದ ಪರೀಕ್ಷೆ ಪಾಸಾಗಿದೆಯಾ. ಇದರ ಮೇಲೆ ಆಯಾ ರಾಜ್ಯದ ಚಿಕ್ಕಪುಟ್ಟ ನಿಯಮಗಳು. ಬ್ಯಾಚುಲರ್ ಮಾಡಿದವಳೂ ಅಸೋಸಿಯೇಟ್ ಮಾಡಿದವಳೂ ಬರೆಯೋದು ಅದೇ 350 ಪ್ರಶ್ನೆಗಳ ಬೋರ್ಡ್. ಸಿಗೋದು ಅದೇ ಲೈಸೆನ್ಸ್, ಕೂರೋದು ಅದೇ ಸ್ಟೂಲ್. ನಮ್ಮ ಕ್ಲಿನಿಕ್‌ನಲ್ಲಿ ಮೂವರು ಹೈಜೀನಿಸ್ಟ್‌ಗಳಿದ್ದೇವೆ. ಯಾರದು ಯಾವ ಡಿಗ್ರಿ ಅಂತ ನಮ್ಮ ಡಾಕ್ಟರಿಗೆ ನೆನಪೂ ಇರಲಿಕ್ಕಿಲ್ಲ. ಬ್ಯಾಚುಲರ್ ಬೇಕಾಗೋದು ಮುಂದೆ ಪಾಠ ಮಾಡಬೇಕು, ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಹೋಗಬೇಕು, ಮಾಸ್ಟರ್ಸ್ ಮಾಡಬೇಕು ಅಂತಿದ್ದರೆ. ಅದನ್ನು ಆಮೇಲೂ ಮಾಡಬಹುದು. ನಾನು ಅಸೋಸಿಯೇಟ್ ಮುಗಿಸಿ ಕೆಲಸಕ್ಕೆ ಸೇರಿದೆ. ಮೂರು ವರ್ಷ ಬಿಟ್ಟು ಬಾಕಿ ಓದನ್ನು ಆನ್‌ಲೈನ್‌ನಲ್ಲಿ ಮುಗಿಸಿ ಬ್ಯಾಚುಲರ್ ಮಾಡಿಕೊಂಡೆ. ಮಿಚಿಗನ್ ವಿಶ್ವವಿದ್ಯಾಲಯದ ಹೈಜೀನ್ ವಿಭಾಗ 1921ರಷ್ಟು ಹಳೆಯದು, ಒಳ್ಳೆ ಹೆಸರಿದೆ. ಸೀಟು ಸಿಕ್ಕಿ ದುಡ್ಡೂ ಹೊಂದಿದರೆ ಸಂತೋಷವಾಗಿ ಹೋಗಿ. ಹೆಸರಿಗೋಸ್ಕರ ಸಾಲ ಮಾಡಿ ಮಾತ್ರ ಹೋಗಬೇಡಿ.

ಅಸೋಸಿಯೇಟ್ ಎರಡು ವರ್ಷದ್ದು ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. ಅದಕ್ಕೂ ಮುಂಚೆ ಅನಾಟಮಿ ಮತ್ತು ಫಿಸಿಯಾಲಜಿ, ಮೈಕ್ರೋಬಯಾಲಜಿ, ಕೆಮಿಸ್ಟ್ರಿ, ಇಂಗ್ಲಿಷ್, ಸೈಕಾಲಜಿ ಎಲ್ಲ ಮುಗಿಸಿರಬೇಕು. ಬಿಡಿಎಸ್‌ನಲ್ಲಿ ಓದಿದ್ದನ್ನೇ ತೋರಿಸೋಣ ಅಂತ ನಾನು ಬೆಂಗಳೂರಿಗೆ ಬರೆದು ರಾಜೀವ್ ಗಾಂಧಿ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಿದೆ. ದುಡ್ಡು ಕೊಟ್ಟು ಮೌಲ್ಯಮಾಪನ ಮಾಡಿಸಿದೆ. ನಮ್ಮ ಕಾಲೇಜಿನವರು ನೋಡಿ, ನೀನು ಅನಾಟಮಿ ಓದಿ ಐದು ವರ್ಷ ಮೀರಿದೆ, ಮತ್ತೆ ಓದು ಅಂದರು. ಹೆಣ ಕೊಯ್ದು ಕಲಿತವಳು 19 ವರ್ಷದ ಮಕ್ಕಳ ಜೊತೆ ಕೂತು ಪ್ಲಾಸ್ಟಿಕ್ ಅಸ್ಥಿಪಂಜರದ ಮೂಳೆಗಳಿಗೆ ಹೆಸರು ಬರೆದೆ. ಸೀಟು ಇದ್ದದ್ದು 24. ಮೊದಲ ವರ್ಷ ನನಗೆ ಸಿಗಲಿಲ್ಲ, ಎರಡನೇ ಸಲ ಸಿಕ್ಕಿತು. ಹೀಗೆ ನನ್ನ ಎರಡು ವರ್ಷ ನಾಲ್ಕಾಯಿತು.

ಸುಲಭವಾ ಅಂತ ಕೇಳಿದಿರಿ. ಥಿಯರಿ ಸುಲಭ. ಹಲ್ಲಿನ ಅನಾಟಮಿ ಪರೀಕ್ಷೆಗೆ ನಾನು ಪುಸ್ತಕ ತೆರೆಯಲೇ ಇಲ್ಲ. ಸಿಕ್ಕಿಬಿದ್ದೆ. ನಾವು ಊರಲ್ಲಿ ಬಲಗಡೆ ಕೆಳಗಿನ ಮೊದಲ ದವಡೆಹಲ್ಲಿಗೆ 46 ಅಂತೀವಲ್ಲ, ಇಲ್ಲಿ ಅದು 30. ಮೇಲೆ ಬಲತುದಿಯ ಕೊನೆಯ ಹಲ್ಲು 1, ಅಲ್ಲಿಂದ ಬಳಸಿಕೊಂಡು ಬಂದರೆ ಕೆಳಗೆ ಬಲತುದಿಯದು 32. ಇಡೀ ಉತ್ತರಪತ್ರಿಕೆಯಲ್ಲಿ ಹಳೇ ನಂಬರ್ ಬರೆದು ಬಂದಿದ್ದೆ. ಟೀಚರ್ ಕರೆದು, "ನಿನ್ನ ರೋಗಿಗೆ 46 ಹಲ್ಲುಗಳಿವೆಯಾ?" ಅಂತ ಕೇಳಿದರು. ಈಗಲೂ ಸುಸ್ತಾದಾಗ ಬಾಯಿಗೆ ಮೊದಲು ಬರೋದು 46ನೇ.

ನಿಜವಾಗಿ ಕಷ್ಟ ಆಗಿದ್ದು ಕೈ. ಕುಂದಾಪುರದಲ್ಲಿ ನಾನು ಸ್ಕೇಲಿಂಗ್, ಅಂದರೆ ಹಲ್ಲಿನ ಕಿಟ್ಟ ತೆಗೆಯೋದು, ಮಾಡುತ್ತಿದ್ದದ್ದು ಹೇಗೆ? ಅಲ್ಟ್ರಾಸೋನಿಕ್ ಮೆಷಿನ್ ಗುಂಯ್ ಅನ್ನಿಸಿ ಹದಿನೈದು ನಿಮಿಷದಲ್ಲಿ ಇಡೀ ಬಾಯಿ. "ಉಗೀರಿ, ಮುನ್ನೂರು ರೂಪಾಯಿ, ಮುಂದಿನವರು." ಇಲ್ಲಿ ಮೊದಲ ಸೆಮಿಸ್ಟರ್ ಮೆಷಿನ್ ಮುಟ್ಟಲು ಬಿಡಲಿಲ್ಲ. ಪ್ಲಾಸ್ಟಿಕ್ ದವಡೆಯ ಹಲ್ಲುಗಳಿಗೆ ನೈಲ್ ಪಾಲಿಶ್ ಬಳಿದು ಕೊಡುತ್ತಾರೆ. ಅದನ್ನು ಕೈ ಉಪಕರಣದಿಂದ ಕೆರೆದು ತೆಗೆಯಬೇಕು, ಹಲ್ಲಿಗೆ ಗೀರು ಬೀಳಬಾರದು. ಉಂಗುರ ಬೆರಳನ್ನು ಹತ್ತಿರದ ಹಲ್ಲಿನ ಮೇಲೆ ಊರಬೇಕು. ಬೆರಳು ಆಡಿಸಬಾರದು, ಮಣಿಕಟ್ಟಿನಿಂದ ತಿರುಗಿಸಬೇಕು. ಹಿಂದಿನ ಹಲ್ಲಿನ ಮುಂಬದಿಗೆ 11/12 ನಂಬರಿನ ಗ್ರೇಸಿ ಅನ್ನೋ ಕೆರೆಯುವ ಉಪಕರಣ, ಅದೇ ಹಲ್ಲಿನ ಹಿಂಬದಿಗೆ 13/14. ಬಗ್ಗಿ ನೋಡಬಾರದು, ಕನ್ನಡಿಯಲ್ಲಿ ನೋಡಬೇಕು. ನನ್ನ ಪಕ್ಕ ಕೂತ ಹುಡುಗಿ ಮೊದಲು ಕಾಫಿ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವಳು. ಅವಳು ಮೂರು ವಾರಕ್ಕೆ ಪಾಸ್. ನಾನು ಎರಡು ಸಲ ಫೇಲ್. ಅವಳು ಹೊಸದಾಗಿ ಕಲಿಯುತ್ತಿದ್ದಳು. ನನ್ನ ಕೈಗೆ ಹಳೇ ಚಾಳಿ ಅಂಟಿತ್ತು. ಮನೆಯಲ್ಲಿ ಚಮಚ ಹಿಡಿದುಕೊಂಡು ಮೊಟ್ಟೆಯ ಮೇಲೆ ಅಭ್ಯಾಸ ಮಾಡಿದ್ದೇನೆ, ನಗಬೇಡಿ.

ಆಮೇಲೆ ರೋಗಿಗಳು. ಇದನ್ನು ಯಾವ ಕಾಲೇಜಿನ ಕರಪತ್ರದಲ್ಲೂ ದಪ್ಪಕ್ಷರದಲ್ಲಿ ಬರೆದಿರುವುದಿಲ್ಲ: ಬಹಳ ಕಡೆ ರೋಗಿಗಳನ್ನು ನೀವೇ ಹುಡುಕಿ ತರಬೇಕು. ಅದೂ ಯಾರೋ ಒಬ್ಬರು ಬಂದರೆ ಆಗೋದಿಲ್ಲ. ಇಂತಿಷ್ಟು ಜನ ಮಕ್ಕಳು, ಇಂತಿಷ್ಟು ವಯಸ್ಸಾದವರು, ಹಲ್ಲಿಗೆ ಗಟ್ಟಿ ಕಿಟ್ಟ ಕಟ್ಟಿದವರು ಇಂತಿಷ್ಟು ಅಂತ ಲೆಕ್ಕ. ಆರು ತಿಂಗಳಿಗೊಮ್ಮೆ ಹಲ್ಲು ಕ್ಲೀನ್ ಮಾಡಿಸುವ ಈ ಊರಲ್ಲಿ ಅಂಥ ಕಿಟ್ಟ ಎಲ್ಲಿಂದ ತರೋದು? ಪಾರ್ಟಿಗೆ ಹೋದರೆ ನಾನು ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಕೆಳಗಿನ ಬಾಚಿಹಲ್ಲಿನ ಹಿಂಭಾಗ ಕಾಣುತ್ತದಾ ಅಂತ ನೋಡುತ್ತಿದ್ದೆ.

ದೇವರು ಕಣ್ಣು ಬಿಟ್ಟದ್ದು ದೀಪಾವಳಿ ಊಟದ ದಿನ. ಗೆಳತಿಯ ಅಪ್ಪ ಆರು ತಿಂಗಳಿಗೆ ಅಂತ ಬಂದಿದ್ದರು. ತೀರ್ಥಹಳ್ಳಿ ಕಡೆಯವರು, ಅಡಿಕೆ ತೋಟ, ವಯಸ್ಸು 68. ಹೋಳಿಗೆ ತಿನ್ನುತ್ತಾ ಒಮ್ಮೆ ನಕ್ಕರು. ನನಗೆ ನಿಧಿ ಕಂಡ ಹಾಗಾಯಿತು. ಐವತ್ತು ವರ್ಷದ ಎಲೆಅಡಿಕೆ. ಕೆಳಗಿನ ಆರು ಹಲ್ಲು ಬಿಡಿಬಿಡಿಯಾಗಿ ಕಾಣುತ್ತಲೇ ಇರಲಿಲ್ಲ. ಹಿಂದಿನಿಂದ ಕಿಟ್ಟ ಕಟ್ಟಿ ಒಂದೇ ಗೋಡೆ ಆಗಿತ್ತು. ಊಟ ಮುಗಿಯುವಷ್ಟರಲ್ಲಿ ಅವರನ್ನು ಒಪ್ಪಿಸಿದ್ದೆ.

ನಾಲ್ಕು ಸಲ ಬಂದರು. ಒಂದೊಂದು ಸಲಕ್ಕೂ ಮೂರೂವರೆ ಗಂಟೆ. ಯಾಕೆಂದರೆ ಪ್ರತಿ ಹೆಜ್ಜೆಗೂ ಟೀಚರ್ ಬಂದು ನೋಡಿ ಸಹಿ ಹಾಕಬೇಕು. ಒಸಡಿನ ಆಳ ಅಳೆಯೋದಕ್ಕೇ ಒಂದು ದಿನ ಹೋಯಿತು. ಒಂದು ಹಲ್ಲಿಗೆ ಆರು ಕಡೆ, 26 ಹಲ್ಲಿಗೆ 156 ಅಂಕಿ. ಆರೋಗ್ಯವಾಗಿದ್ದರೆ 1ರಿಂದ 3 ಮಿಲಿಮೀಟರ್. ಅವರದು 5, 6, ಕೆಲವು ಕಡೆ 7. ಟೀಚರ್ ಬಂದು ಬಂದು "ಆರ್ ಯು ಓಕೆ, ಸರ್?" ಅಂತ ಕೇಳೋರು. ಇವರು ಬಾಯಿ ತೆರೆದುಕೊಂಡೇ ಹೆಬ್ಬೆರಳು ಎತ್ತೋರು.

ಎರಡನೇ ಸಲ ಕೆಳಗಿನ ಹಲ್ಲುಗಳ ಹಿಂದೆ ಸಿಕಲ್ ಅನ್ನೋ ಕುಡುಗೋಲಿನಂಥ ಉಪಕರಣ ಇಟ್ಟು ಎಳೆದೆ. ಟಕ್ ಅಂತ ಸದ್ದು. ಕಡಲೆಬೇಳೆಯಷ್ಟು ದೊಡ್ಡ ಕಪ್ಪು ಚೂರು ಹೊರಬಿತ್ತು. ಅವರ ನಾಲಿಗೆ ತಕ್ಷಣ ಅಲ್ಲಿಗೆ ಹೋಯಿತು, ಸಂದಿ ತಾಗಿತು. ನನ್ನ ಕೈ ಹಿಡಿದು ನಿಲ್ಲಿಸಿ, "ಎಂಥದ್ದೇ ಮಾರಾಯ್ತಿ, ಹಲ್ಲೇ ಕಿತ್ತುಬಿಟ್ಯಲ್ಲೇ!" ಅಂದರು. ಕನ್ನಡಿ ಕೊಟ್ಟು ತೋರಿಸಿದೆ. ಆ ಸಂದಿಯನ್ನು ಅವರು ನೋಡಿ ಎಷ್ಟು ವರ್ಷವಾಗಿತ್ತೋ. ಸುಮಾರು ಹೊತ್ತು ನೋಡಿದರು. ಆಮೇಲೆ ಟಿಶ್ಯೂ ಪೇಪರಿನಲ್ಲಿ ಆ ಚೂರನ್ನು ಸುತ್ತಿಕೊಡು, ಮನೆಯಲ್ಲಿ ತೋರಿಸಬೇಕು ಅಂದರು. ಕೊಡೋ ಹಾಗಿರಲಿಲ್ಲ.

ಕೊನೆಗೆ ಟೀಚರ್ ಪರೀಕ್ಷೆ ಮಾಡಿ 46ರ ಹಿಂಬದಿಯಲ್ಲಿ, ತಪ್ಪಾಯಿತು, 30ರ ಹಿಂಬದಿಯಲ್ಲಿ ಒಂದು ಕಡೆ ಉಳಿದಿದೆ ಅಂದರು. ನನ್ನ ಕಣ್ಣಿಗೆ ಕಂಡಿರಲಿಲ್ಲ. ಎಕ್ಸ್‌ಪ್ಲೋರರ್ ಕಡ್ಡಿಯನ್ನು ಸಡಿಲವಾಗಿ ಹಿಡಿದು ಒಸಡಿನೊಳಗೆ ಇಳಿಸಿದರೆ ತುದಿ ಎಲ್ಲೋ ಒಂದು ಕಡೆ ಕಿರ್ ಅನ್ನುತ್ತದೆ. ಅದು ಬೆರಳಿಗೆ ಗೊತ್ತಾಗಬೇಕು. ಬಿಗಿಯಾಗಿ ಹಿಡಿದರೆ ಏನೂ ಗೊತ್ತಾಗೋದಿಲ್ಲ. ಐದು ವರ್ಷದ ಬಿಡಿಎಸ್, ಮೂರು ವರ್ಷದ ಪ್ರಾಕ್ಟೀಸ್ ಆದಮೇಲೆ ಅವತ್ತು ಮೊದಲ ಸಲ ನನ್ನ ಬೆರಳಿಗೆ ಗೊತ್ತಾಯಿತು. ಕುಂದಾಪುರದಲ್ಲಿ ನಾನು ಎಷ್ಟು ಜನರ ಬಾಯಲ್ಲಿ ಎಷ್ಟು ಬಿಟ್ಟು ಕಳಿಸಿದ್ದೆನೋ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಈಗ ನಿಮ್ಮ ಅತ್ತೆ ಮಾತು. ಮರ್ಯಾದೆ ಕಡಿಮೆಯಾಗೋದಿಲ್ಲ ಅಂತ ನಾನು ಸುಳ್ಳು ಹೇಳೋದಿಲ್ಲ. ಚುಚ್ಚುತ್ತದೆ, ಆದರೆ ಅವರು ಹೇಳೋ ಜಾಗದಲ್ಲಲ್ಲ. ಹಲ್ಲು ಕ್ಲೀನ್ ಮಾಡೋದು ನನಗೆ ಯಾವತ್ತೂ ಕೀಳು ಅನಿಸಿಲ್ಲ. ಎಕ್ಸ್‌ರೇಯಲ್ಲಿ ಹುಳುಕು ಕಣ್ಣಿಗೆ ರಾಚುತ್ತಿರುತ್ತದೆ. ರೋಗಿ "ಏನಾದ್ರೂ ಇದೆಯಾ?" ಅಂತ ಕೇಳುತ್ತಾರೆ. ನಾನು "ಡಾಕ್ಟರ್ ಬಂದು ನೋಡ್ತಾರೆ" ಅನ್ನಬೇಕು. ಡಾಕ್ಟರ್ ಬಂದು ಎರಡು ನಿಮಿಷ ನೋಡಿ, ನಾನು ಹೇಳಬಹುದಾಗಿದ್ದನ್ನೇ ಹೇಳಿ ಹೋಗುತ್ತಾರೆ. ಮೊದಲ ಕೆಲಸ ಕೊಟ್ಟ ಕ್ಲಿನಿಕ್‌ನಲ್ಲಂತೂ ನಾನು ಊರಲ್ಲಿ ಡೆಂಟಿಸ್ಟ್ ಅಂತ ರೋಗಿಗಳಿಗೆ ಹೇಳಕೂಡದು ಅಂತ ತಾಕೀತು ಮಾಡಿದ್ದರು. ಎಂಟು ತಿಂಗಳಿಗೆ ಬಿಟ್ಟೆ. ಈಗಿನ ಡಾಕ್ಟರ್ ಒಳ್ಳೆಯವರು. "ನಿನಗೇನು ಕಂಡಿತು ಮೊದಲು ಹೇಳು" ಅನ್ನುತ್ತಾರೆ.

ಅತ್ತೆಗೆ ಬೇಕಾದರೆ ಈ ಕತೆ ಹೇಳಿ. ಈ ಕೆಲಸ ಶುರು ಮಾಡಿದ್ದೇ ಒಬ್ಬ ಡೆಂಟಿಸ್ಟ್. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಊರಿನ ಆಲ್ಫ್ರೆಡ್ ಫೋನ್ಸ್. ಹುಳುಕು ತುಂಬುತ್ತಾ ಕೂರುವ ಬದಲು ಹುಳುಕೇ ಬರದ ಹಾಗೆ ಮಾಡಬೇಕು ಅಂತ 1906ರಲ್ಲಿ ತಮ್ಮ ಅಸಿಸ್ಟೆಂಟ್ ಐರಿನ್ ನ್ಯೂಮನ್‌ಗೆ ಈ ಕೆಲಸ ಕಲಿಸಿದರು. ಆಕೆ ಅವರ ಸಂಬಂಧಿಯೇ. 1913ರಲ್ಲಿ ತಮ್ಮ ಗ್ಯಾರೇಜಿನಲ್ಲೇ ಮೊದಲ ಶಾಲೆ ತೆರೆದರು. 1917ರಲ್ಲಿ ಐರಿನ್‌ಗೆ ಮೊದಲ ಲೈಸೆನ್ಸ್ ಸಿಕ್ಕಿತು. ಅತ್ತೆ ಇದಕ್ಕೂ ಬಗ್ಗದಿದ್ದರೆ ಸಂಬಳ ಹೇಳಿ. 2023ರ ಸರ್ಕಾರಿ ಲೆಕ್ಕದಲ್ಲಿ ಇಲ್ಲಿನ ಹೈಜೀನಿಸ್ಟ್‌ಗಳ ಮಧ್ಯಮ ವರಮಾನ ವರ್ಷಕ್ಕೆ ಸುಮಾರು 87 ಸಾವಿರ ಡಾಲರ್. ನಮ್ಮ ಅತ್ತೆ ಅದಕ್ಕೆ ಬಗ್ಗಿದರು.

ವೀಸಾ ವಿಷಯದಲ್ಲಿ ನೀವು ಪುಣ್ಯವಂತರು. ನಾನು ಕಾಲೇಜು ಸೇರಿದಾಗ ಎಚ್4ನವರಿಗೆ ಕೆಲಸದ ಪರವಾನಗಿಯೇ ಇರಲಿಲ್ಲ. ಓದಿ ಮುಗಿಸಿ ಮನೆಯಲ್ಲಿ ಕೂರಬೇಕಾದೀತು ಅಂತ ಗೊತ್ತಿದ್ದೇ ಸೇರಿದ್ದೆ. ಪದವಿ ಮುಗಿದದ್ದು 2015ರ ಮೇನಲ್ಲಿ. ಅದೇ ಮೇ 26ರಿಂದ ನಿಯಮ ಜಾರಿಗೆ ಬಂತು.


ಹಾಸನ್_ಹೈದ ಉತ್ತರಿಸಿದ್ದು:

ಅಕ್ಕ, ಮಧ್ಯೆ ಬಾಯಿ ಹಾಕ್ತಿದ್ದೀನಿ. ನನ್ನ ತಂಗಿ ಪಿಯುಸಿ ಸೈನ್ಸ್ ಮುಗಿಸಿದ್ದಾಳೆ. ನೀಟ್‌ನಲ್ಲಿ ಅಂಕ ಬಂದಿಲ್ಲ. ನಮ್ಮಲ್ಲೇ ಎರಡು ವರ್ಷದ ಡೆಂಟಲ್ ಹೈಜೀನಿಸ್ಟ್ ಡಿಪ್ಲೊಮಾ ಇದೆಯಂತೆ. ಅದನ್ನು ಮಾಡಿಸಿ ಆಮೇಲೆ ಅಮೆರಿಕಾಗೆ ಕಳಿಸಬಹುದಾ?


ಕುಂದಾಪ್ರದ_ಅಕ್ಕ ಉತ್ತರಿಸಿದ್ದು:

ಡಿಪ್ಲೊಮಾ ಇರೋದು ನಿಜ. ಹೈಜೀನಿಸ್ಟ್ ಅನ್ನೋ ಹೆಸರು ನಮ್ಮ 1948ರ ಡೆಂಟಿಸ್ಟ್ಸ್ ಕಾಯ್ದೆಯಲ್ಲೇ ಇದೆ. ಆದರೆ ಊರಿನ ಸಣ್ಣ ಕ್ಲಿನಿಕ್‌ಗಳಲ್ಲಿ ಸ್ಕೇಲಿಂಗ್ ಡಾಕ್ಟರೇ ಮಾಡಿಬಿಡುತ್ತಾರೆ, ಬೇರೆ ಆಳು ಇಡೋದಿಲ್ಲ. ನಾನೂ ಇಟ್ಟಿರಲಿಲ್ಲ. ಅದನ್ನು ಹಿಡಿದುಕೊಂಡು ಬಂದರೆ ಇಲ್ಲಿ ಲೈಸೆನ್ಸ್ ಸಿಗೋದಿಲ್ಲ, ಇಲ್ಲಿನ ಮಾನ್ಯತೆ ಇರುವ ಕೋರ್ಸನ್ನೇ ಮತ್ತೆ ಮಾಡಬೇಕಾಗುತ್ತದೆ. ದೊಡ್ಡ ಆಸ್ಪತ್ರೆಯಲ್ಲೋ ಡೆಂಟಲ್ ಕಾಲೇಜಿನಲ್ಲೋ ಕೆಲಸ ಮಾಡುವ ಆಸೆ ಇದ್ದರೆ ಮಾಡಲಿ. ಅಮೆರಿಕಾಗೆ ಬರೋಕೆ ಅಂತ ಬೇಡ.


ಬೆಣ್ಣೆದೋಸೆ_ನೋವೈ ಉತ್ತರಿಸಿದ್ದು:

ಅಕ್ಕ, ನಿಮ್ಮ ಉತ್ತರವನ್ನು ನಮ್ಮನೆಯವರಿಗೆ ಓದಿ ಹೇಳಿದೆ. ಹಲ್ಲು ಕಿತ್ತ ಕತೆಗೆ ಬಿದ್ದು ಬಿದ್ದು ನಕ್ಕರು. ಕಮ್ಯುನಿಟಿ ಕಾಲೇಜಿಗೇ ಹಾಕೋಣ ಅಂತ ತೀರ್ಮಾನ ಆಗಿದೆ. ಎರಡು ಪ್ರಶ್ನೆ ಉಳೀತು. ಈಗಲೇ ಉಪಕರಣ ಕೊಂಡು ಅಭ್ಯಾಸ ಮಾಡಲಾ? ಮತ್ತೆ ನಮ್ಮ ಮಾವ ಏಪ್ರಿಲ್‌ನಲ್ಲಿ ಬರ್ತಿದ್ದಾರೆ, ಆರು ತಿಂಗಳು ಇರ್ತಾರೆ. ಅವರೂ ಎಲೆಅಡಿಕೆ, ಜೊತೆಗೆ ಹೊಗೆಸೊಪ್ಪು. ಊರಲ್ಲಿ ಹಲ್ಲು ಕ್ಲೀನ್ ಮಾಡಿಸಬೇಡಿ ಅಂತ ಹೇಳಲಾ?


ಕುಂದಾಪ್ರದ_ಅಕ್ಕ ಉತ್ತರಿಸಿದ್ದು:

ಅಯ್ಯೋ, ಹಾಗೆಲ್ಲ ಹೇಳಬೇಡಿ! ನೀವು ಕ್ಲಿನಿಕ್‌ನಲ್ಲಿ ರೋಗಿ ಮುಟ್ಟೋದಕ್ಕೆ ಇನ್ನೂ ಎರಡು ವರ್ಷ ಇದೆ. ಈ ಏಪ್ರಿಲ್‌ನ ಮಾವ ನಿಮಗೆ ಉಪಯೋಗಕ್ಕೆ ಬರೋದಿಲ್ಲ. ಹೊಗೆಸೊಪ್ಪು ಅಂದಿರಲ್ಲ, ಹೊರಡೋಕೆ ಮುಂಚೆ ಊರಲ್ಲೇ ಯಾರಾದರೂ ಡೆಂಟಿಸ್ಟ್ ಹತ್ತಿರ ಬಾಯಿ ಪೂರ್ತಿ ತೋರಿಸಿಕೊಂಡು ಬರಲಿ. ಕೆನ್ನೆಯ ಒಳಗೆ ಬಿಳಿ ಮಚ್ಚೆ ಏನಾದರೂ ಇದೆಯಾ ನೋಡಿಸಿ. ಬಿಡಿಎಸ್ ಮಾಡಿದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಉಪಕರಣ ಕೊಳ್ಳಬೇಡಿ. ಕಾಲೇಜಿನವರು ಅವರದೇ ಕಿಟ್ ತೆಗೆದುಕೊಳ್ಳಬೇಕು ಅಂತಾರೆ. ನನಗೆ ಆಗ ಮೂರು ಸಾವಿರ ಡಾಲರ್ ಆಯಿತು, ಕಣ್ಣಿಗೆ ಹಾಕುವ ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಬೇರೆ. ಹಳೇ ಕೈಯಲ್ಲಿ ಈಗ ಅಭ್ಯಾಸ ಮಾಡಿದರೆ ಹಳೇ ಚಾಳಿಯೇ ಗಟ್ಟಿಯಾಗೋದು. ಸೋಮವಾರ ಕಾಲೇಜಿಗೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: 2016ಕ್ಕೂ ಮುಂಚೆ ಓದಿದ ಅನಾಟಮಿ ನಡೆಯುತ್ತದಾ ಇಲ್ವಾ? ಇಲ್ಲ ಅಂದರೆ ಬೇಸಿಗೆ ಬ್ಯಾಚಿಗೇ ಹೆಸರು ಹಚ್ಚಿ. ಏನಂದರು ಅಂತ ಇಲ್ಲಿ ಬರೆಯಿರಿ.